ಏಳನೇ ಕಟ್ಟೆಯ ಎರಡನೇ ದೋಣಿ

ನಡುಗಡಲಲ್ಲಿ ಎಣ್ಣೆ ತೆಗೆಯುವ ಕಟ್ಟೆಗಳ ಸುರಕ್ಷತೆ, ಸೋರಿಕೆ, ಕೊಳೆನೀರು, ಇಷ್ಟರ ಮಾಹಿತಿಯನ್ನೂ ಕಂಪ್ಯೂಟರಿಗೆ ಏರಿಸುವವಳು ಅವಳೇ. ಕಚೇರಿಗೆಲ್ಲ ಅವಳು ‘ದಾಖಲೆ ಅಕ್ಕ’. ಆ ಬೆಳಿಗ್ಗೆ ಕಸ ಗುಡಿಸುವಾಕೆ ಹಿತ್ತಲಿಂದ ಕೂಗಿದಳು: “ಅಕ್ಕಾ, ಈ ಹಾಳು ದೋಣೀನ ಸಾಗಿಸ್ರೀ, ನಾತ ತಡೆಯೋಕಾಗಲ್ಲ!”

ಹೋಗಿ ಬಗ್ಗಿ ನೋಡಿದಳು. ಕೊಳೆತ ನೀರಿನ ತುಂಬ ಹುಳ, ಸಿಗರೇಟಿನ ತುಂಡು, ಚಹಾ ಲೋಟ, ಉಬ್ಬಿದ ಇಲಿಯೊಂದು. ಪಾಚಿ ಕೆರೆದ ಕಡೆ ನಂಬರು ಕಾಣುತ್ತಿತ್ತು: ಏಳನೇ ಕಟ್ಟೆಯ ಎರಡನೇ ಜೀವರಕ್ಷಕ ದೋಣಿ. ರಿಪೇರಿಗೆಂದು ಬಂದು ಎಂಟು ತಿಂಗಳಾಗಿತ್ತು. ಅವಳ ಮೇಜಿನ ಮೇಲಿದ್ದ ಹಾಳೆಯಲ್ಲೋ, ಮೊನ್ನೆಯ ತಾರೀಖಿನಲ್ಲಿ ‘ಕಡಲಿಗಿಳಿಸಿ ಪರೀಕ್ಷಿಸಲಾಗಿದೆ, ಸುಸ್ಥಿತಿ’ ಎಂದಿತ್ತು. ಆ ಕಟ್ಟೆಯ ಮೇಲೆ ಬೆಸುಗೆ ಹಾಕುವವರಲ್ಲಿ ಅವಳ ಒಬ್ಬನೇ ತಮ್ಮನೂ ಇದ್ದ.

ತಪಾಸಣೆಯವನನ್ನು ಎಲ್ಲರೂ ತಾರೀಖಪ್ಪ ಎನ್ನುತ್ತಿದ್ದರು. ಅವನು ಬಿಸ್ಕತ್ತು ಅದ್ದುತ್ತ ಕೂತಿದ್ದ.

“ಏನ್ರೀ, ಹಿತ್ತಲಲ್ಲಿರೋ ದೋಣೀನ ಕಡಲಿಗೆ ಹೇಗ್ರೀ ಇಳಿಸಿದ್ರಿ?”

“ಅಯ್ಯೋ ತಾಯಿ, ಹೋದ ತಿಂಗಳ ಹಾಳೆ, ಈ ತಿಂಗಳ ತಾರೀಖು. ಎಲ್ರೂ ಮಾಡೋದೇ. ಎಂಟು ಸಲ ನೀವೂ ಏರಿಸಿದ್ದೀರಲ್ಲ, ಕಣ್ಣೆಲ್ಲಿ ಇಟ್ಟಿದ್ರಿ?”

ಅವಳು ಕೈಲಿದ್ದ ಹಾಳೆಯನ್ನು ಅವನ ಮುಂದಿಟ್ಟಳು.

“ಉಳಿದಿರೋ ಒಂದು ದೋಣೀಲಿ ಅರ್ಧ ಜನಕ್ಕಷ್ಟೇ ಜಾಗ. ಮಿಕ್ಕೋರು?”

“ಈಜ್ತಾರೆ ಬಿಡ್ರೀ!” ತಾರೀಖಪ್ಪ ನಕ್ಕ ರಭಸಕ್ಕೆ ನೆಂದ ಬಿಸ್ಕತ್ತಿನ ಚೂರು ಹಾಳೆಯ ಮೇಲೆ ಸಿಡಿಯಿತು.

ಅವಳು ತನ್ನ ಕಂಪ್ಯೂಟರಿಗೆ ಹೋದಳು. ಕೂತು ಕುಟ್ಟಿದಳು: ‘ಎರಡನೇ ದೋಣಿ ಕಟ್ಟೆಯಲ್ಲಿಲ್ಲ, ಕಚೇರಿಯ ಹಿತ್ತಲಲ್ಲಿ ಕೊಳೆಯುತ್ತಿದೆ. ಎಂಟು ತಿಂಗಳಿಂದ ನಾನೂ ಸುಳ್ಳು ಏರಿಸಿದ್ದೇನೆ.’ ದೋಣಿಯಲ್ಲಿ ಜಾಗವಿಲ್ಲದವರನ್ನೆಲ್ಲ ಅಂದೇ ದಡಕ್ಕೆ ಕರೆತರಬೇಕೆಂಬುದು ನಿಯಮ. ದೊಡ್ಡ ಸಾಹೇಬರು ಕೆಂಡವಾಗಿ, “ಅಳಿಸ್ರೀ ಅದನ್ನ!” ಎಂದು ಓಡಿಬರುವಷ್ಟರಲ್ಲಿ ಅವಳು ಏರಿಸಿದ್ದು ಎಲ್ಲ ಕಟ್ಟೆಗಳಿಗೂ ತಲುಪಿಯಾಗಿತ್ತು.

ಸಂಜೆ ತಮ್ಮನ ಫೋನು. “ಅಕ್ಕ, ಅರ್ಧ ಜನಾನ ದಡಕ್ಕೆ ಕಳಿಸಿದ್ರು ಕಣೆ. ಕೆಲಸ ಹಾಳು ಮಾಡಿದ್ಲು ಅಂತ ಇಲ್ಲಿ ಎಲ್ರೂ ನಿನ್ನೇ ಬೈತಿದ್ದಾರೆ.”

“ಬೈಲಿ. ನೀನು ಹೊರಟ್ಯೇನೋ?”

“ಇಲ್ಲ, ನಾನು ಉಳಿಯೋರ ಪಟ್ಟೀಲಿ. ಯಾಕೆ, ದೋಣೀಲಿ ನಂಗೆ ಜಾಗ ಇದೆ ತಾನೇ?” ಎಂದು ನಕ್ಕ.

“ಇವತ್ತು ಇದೆ,” ಎಂದಳು.

ಫೋನಿಟ್ಟು ಎಂಟನೇ ಕಟ್ಟೆಯ ಹಾಳೆಗಳನ್ನು ಎಳೆದುಕೊಂಡು, ಹೋದ ತಿಂಗಳದ್ದರ ಪಕ್ಕ ಈ ತಿಂಗಳದ್ದನ್ನು ಇಟ್ಟಳು. ಮೊದಲ ಸಾಲಿನಿಂದಲೇ ತಾರೀಖೊಂದು ಬಿಟ್ಟು ಉಳಿದದ್ದೆಲ್ಲ ಅದೇ.