ಹೆಣಭಾರದ ವಿದ್ಯೆ

ಎಚ್ಚರವಿರುವ ಮನುಷ್ಯ ತನ್ನ ಮೈಯನ್ನು ಪೂರ್ತಿಯಾಗಿ ಬಿಟ್ಟುಕೊಡುವುದು ಎಷ್ಟು ದುಸ್ಸಾಧ್ಯವಾದ ವಿದ್ಯೆಯೆಂದು ತಿಳಿಯಬೇಕಾದರೆ ಮೂಟೆಯಕ್ಕನನ್ನು ನೋಡಬೇಕು. ಎರಡು ಮಹಡಿಯೆತ್ತರದ ಕೊಂಬೆಯಿಂದ, ಸೊಂಟಕ್ಕೂ ತೊಡೆಗೂ ಬಿಗಿದ ಬೆಲ್ಟಿನ ಆಧಾರದಲ್ಲಿ, ಕತ್ತು ವಾಲಿಸಿ, ಕೈಕಾಲು ಇಳಿಬಿಟ್ಟು, ತುಟಿಯನ್ನು ಸಹ ಸಡಿಲಗೊಳಿಸಿ ಆಕೆ ನೇತಾಡುತ್ತಿದ್ದರೆ ಮೊದಲ ಸಲ ಕಂಡವರ ಎದೆ ಧಸಕ್ಕೆನ್ನುತ್ತದೆ. ನನಗೂ ಹಾಗೇ ಆಯಿತು. ನನ್ನ ಬಾಡಿಗೆ ಕೋಣೆಯ ಕಿಟಕಿಯ ಕೆಳಗೇ ಅವರ ಅಂಗಳ. ಬಂದ ಮರುದಿನ ಕಿಟಕಿ ತೆರೆದವನು ಆ ದೃಶ್ಯ ಕಂಡು, ಚಪ್ಪಲಿಯನ್ನೂ ಮೆಟ್ಟದೆ ಕೆಳಗೋಡಿ, "ಯಾರಾದ್ರೂ ಬನ್ರಪ್ಪೋ!" ಎಂದು ಬೊಬ್ಬೆ ಹಾಕಿದೆ. ಹೆಣ ಒಂದು ಕಣ್ಣು ತೆರೆದು, "ಕೂಗಿ ಏನುಪಯೋಗ ಸ್ವಾಮಿ? ನಿಮಗೆ ಹತ್ತಕ್ಕೆ ಬರುತ್ತಾ?" ಎಂದು ಕೇಳಿ ಮತ್ತೆ ಕಣ್ಣು ಮುಚ್ಚಿಕೊಂಡಿತು.

ಮರ ಹತ್ತಿ ಕೊಂಬೆ ಕಡಿಯುವುದು ಆ ಮನೆಯವರ ಕಸುಬು. ಸೂರಿನ ಮೇಲೆ, ರಸ್ತೆಯ ಮೇಲೆ, ತಂತಿಗಳ ಮೇಲೆ ಬಾಗಿದ ಮುದಿಮರಗಳು ಎಲ್ಲಿದ್ದರೂ ಇವರಿಗೆ ಕರೆ ಬರುತ್ತದೆ. ಮೇಲೇರುವವರು ಇಬ್ಬರೇ, ಆಕೆಯ ತಮ್ಮ ಮತ್ತು ಆಕೆಯ ಅಳಿಯ. ಕಡಿದ ಕೊಂಬೆ ಧೊಪ್ಪನೆ ಬೀಳದಂತೆ ಅದನ್ನು ಹಗ್ಗದಲ್ಲಿ ಮೆಲ್ಲಗೆ ಇಳಿಸಿಕೊಳ್ಳುವವಳು ಕೆಳಗೆ ನಿಂತ ಮೂಟೆಯಕ್ಕ. ತೂಕದ ಹೆಂಗಸು, ನಡೆದರೆ ಭಾರವೆಲ್ಲ ಒಂದು ಸೊಂಟದ ಮೇಲೆ ಬಿದ್ದು, ದೋಣಿ ದಡಕ್ಕೆ ತಾಗಿ ತಾಗಿ ಸಾಗಿದಂತೆ ಕಾಣುತ್ತದೆ. ಬಿಸಿಲಿರಲಿ ಚಳಿಯಿರಲಿ, ತೋಳು ಮಡಿಚಿದ ಗಂಡಸರ ದಪ್ಪ ಕೋಟು. ಅದರ ಜೇಬುಗಳಲ್ಲಿ ಹಗ್ಗದ ತುಂಡುಗಳು. ಯಾರೊಡನೆ ಮಾತಾಡುತ್ತಿದ್ದರೂ ಬೆರಳುಗಳು ಜೇಬಿನೊಳಗೇ ಗಂಟು ಹಾಕುತ್ತಿರುತ್ತವೆ, ಬಿಚ್ಚುತ್ತಿರುತ್ತವೆ. ಬೀದಿಯಲ್ಲಿ ಪರಿಚಯವೇ ಇಲ್ಲದವರನ್ನು ತಡೆದು, "ನಿಮ್ಮ ಬೂಟಿನ ಲಾಡಿ ಸರಿಯಿಲ್ಲ ಕಣ್ರೀ" ಎಂದು ಬಗ್ಗಿ ಕಟ್ಟಿಯೇ ಬಿಡುವ ಹೆಂಗಸು ಅದು.

ಆ ಕೋಟು ಆಕೆಯ ಗಂಡನದು. ಅವನೂ ಮರ ಹತ್ತುತ್ತಿದ್ದವನೇ. ಒಂದು ದಿನ ಮೇಲೆ ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದ, ಬೀಳಲಿಲ್ಲ. ಹಗ್ಗ ತನ್ನ ಕೆಲಸ ಮಾಡಿತು, ಬೆಲ್ಟು ತನ್ನ ಕೆಲಸ ಮಾಡಿತು. ಕೆಳಗಿದ್ದವರು ಏಣಿ ತಂದರು, ಸಾಲಲಿಲ್ಲ. ಅಗ್ನಿಶಾಮಕದವರಿಗೆ ಫೋನು ಮಾಡಿದರು, ಅವರು ದಾರಿಯಲ್ಲಿದ್ದರು. ಅಲುಗಾಡದೆ ನೇತಾಡುವವನ ಕಾಲಿಗಿಳಿದ ರಕ್ತ ತಾನಾಗಿ ಮೇಲೇರುವುದಿಲ್ಲವೆಂಬುದು ಅಲ್ಲಿ ನೆರೆದಿದ್ದ ಒಬ್ಬರಿಗೂ ಗೊತ್ತಿರಲಿಲ್ಲ. ಎಲ್ಲರ ಕಣ್ಣೆದುರೇ ಅವನು ಸತ್ತ. ಹಾಗೆ ಕತ್ತೆತ್ತಿ ನಿಂತವರಲ್ಲಿ ಆಕೆಯ ತಮ್ಮನೂ ಒಬ್ಬ. ಆಗಿನ್ನೂ ಅವನಿಗೆ ಮರ ಹತ್ತಲು ಬರುತ್ತಿರಲಿಲ್ಲ. ಆಕೆ ಅವನನ್ನು ಬೈಯಲಿಲ್ಲ, ದೇವರನ್ನೂ ಬೈಯಲಿಲ್ಲ. ದುಃಖ ಸ್ವಲ್ಪ ಆರಿದ ಮೇಲೆ ಒಂದೇ ಮಾತು ಹೇಳಿದಳಂತೆ: "ಹಗ್ಗ ಮೋಸ ಮಾಡ್ಲಿಲ್ಲ. ಕೆಳಗೆ ಜನ ಇದ್ರು, ಇಳಿಸೋರು ಇರ್ಲಿಲ್ಲ."

ಅಂದಿನಿಂದ ಆ ಮನೆಗೆ ಎರಡು ಕಟ್ಟಳೆ. ಮರ ಯಾವುದೇ ಇರಲಿ, ಕೆಲಸದ ಹಗ್ಗದ ಪಕ್ಕದಲ್ಲಿ ಇನ್ನೊಂದು ಹಗ್ಗ ಸುಮ್ಮನೆ ಇಳಿಬಿದ್ದಿರಬೇಕು. "ಇದ್ಯಾರಿಗಮ್ಮಾ?" ಎಂದು ಮರದ ಮಾಲೀಕರು ಕೇಳಿದರೆ, "ಹೇಳದೆ ಕೇಳದೆ ಬರೋ ನೆಂಟನಿಗೆ" ಎನ್ನುತ್ತಾಳೆ. ಎರಡನೆಯದು, ಒಬ್ಬ ಮೇಲೇರಬೇಕಾದರೆ ಅವನನ್ನು ಹೊತ್ತು ಇಳಿಸಬಲ್ಲವನೊಬ್ಬ ಬೆಲ್ಟು ತೊಟ್ಟು ಕೆಳಗೆ ನಿಂತಿರಬೇಕು. ಅಭ್ಯಾಸಕ್ಕೆ ಮೊದಮೊದಲು ಮರಳಿನ ಮೂಟೆ ಕಟ್ಟುತ್ತಿದ್ದರು. ಆಕೆ ಅದನ್ನು ನೋಡಿ ನೋಡಿ, "ಮೂಟೆಗೆ ಕತ್ತಿಲ್ಲ, ವಾಲಲ್ಲ. ಕೈಯಿಲ್ಲ, ಸಿಕ್ಕಿಹಾಕ್ಕೊಳ್ಳಲ್ಲ. ಇದನ್ನ ಇಳಿಸಿದ್ರೆ ಮೂಟೆ ಇಳಿಸಿದ ಹಾಗಾಯ್ತೇ ಹೊರತು ಮನುಷ್ಯನ್ನಲ್ಲ" ಎಂದು, ಮೂಟೆ ಬಿಚ್ಚಿಸಿ ತಾನೇ ಬೆಲ್ಟು ತೊಟ್ಟಳು. ಹೆಸರು ಹಾಗೆ ಬಂತು. ಎತ್ತರವೆಂದರೆ ಆಕೆಗೆ ಜೀವಭಯ; ರಾಟೆಯಲ್ಲಿ ಎಳೆದು ಮೇಲೇರಿಸುವಾಗ ಮುಖ ಸುಣ್ಣದ ಹಾಗೆ ಬಿಳಿಚಿಕೊಳ್ಳುತ್ತದೆ. ಆ ಭಯವನ್ನು ಹಲ್ಲು ಕಚ್ಚಿ ತಡೆಯಲೂ ಆಕೆಗೆ ಅವಕಾಶವಿಲ್ಲ. ಹಲ್ಲು ಕಚ್ಚಿದರೆ ದವಡೆ ಬಿಗಿಯುತ್ತದೆ, ಪ್ರಜ್ಞೆಯಿಲ್ಲದವನ ದವಡೆ ಬಿಗಿಯುವುದಿಲ್ಲ.

ಮಾತಿನಲ್ಲಿ ಆಕೆಗೊಂದು ಚಟ: ಎದುರಿನವರು ಏನು ಹೇಳಿದರೂ "ಆಮೇಲೆ?" ಎನ್ನುವುದು. "ಹತ್ತುತ್ತೀನಿ ಅಕ್ಕಾ." "ಆಮೇಲೆ?" "ಆ ಕೊಂಬೆ ತೆಗೀತೀನಿ." "ಆಮೇಲೆ?" "ಇಳಿದು ಬರ್ತೀನಿ." "ಇಳಿಯಕ್ಕೆ ಆಗ್ಲಿಲ್ಲ. ಆಮೇಲೆ?" ತಮ್ಮ ಎಷ್ಟೋ ಸಲ ತಲೆ ಚಚ್ಚಿಕೊಂಡದ್ದುಂಟು. ತಲೆ ಮೇಲೆ ತಲೆ ಬಿದ್ದರೂ ಉತ್ತರ ಸಿಗದೆ ಆಕೆ ಹಗ್ಗ ಮುಟ್ಟುತ್ತಿರಲಿಲ್ಲ.

ತೊಡಕು ಬಂದದ್ದು, ಹಳೆಯ ಜೊತೆಗಾರ ಬಿಟ್ಟುಹೋದ ಮೇಲೆ ಹೊಸದಾಗಿ ಸೇರಿದ ಅಳಿಯನಿಂದ. ಅಯ್ಯೋ, ಅಂಥ ಸಾಧು ಪ್ರಾಣಿ ಮತ್ತೊಂದಿಲ್ಲ. ಉದ್ದಕ್ಕೆ, ಸಪೂರಕ್ಕೆ, ಅಳಿಲಿನ ಚುರುಕಿನಲ್ಲಿ ಮರವೇರುತ್ತಿದ್ದವನು ಅತ್ತೆಯ ಬಳಿ ತಲುಪಿದೊಡನೆ ಕಂಬದ ಹಾಗೆ ಸೆಟೆದುಕೊಳ್ಳುತ್ತಿದ್ದ. ಇಳಿಸಬೇಕಾದರೆ ಎದೆಗೆ ಎದೆ ತಾಗುವಂತೆ ತಬ್ಬಬೇಕು, ಕಾಲಿನಿಂದ ಬಳಸಬೇಕು, ತನ್ನ ಬೆಲ್ಟಿಗೆ ಆಕೆಯ ಬೆಲ್ಟನ್ನು ಕೊಕ್ಕೆ ಹಾಕಿ ಭಾರವನ್ನು ಮೈಮೇಲೆ ತೆಗೆದುಕೊಳ್ಳಬೇಕು. ಹೆಂಡತಿಯ ತಾಯನ್ನು! ಅವನು ಹಬೆಯಾಡುವ ಪಾತ್ರೆ ಹಿಡಿದವನಂತೆ ಆಕೆಯನ್ನು ಮಾರುದ್ದ ದೂರದಲ್ಲಿ ಹಿಡಿದು, "ಅತ್ತೆ, ಸ್ವಲ್ಪ ಕೈ ಕೊಡ್ತೀರಾ?" ಎಂದು ಬೇಡುತ್ತಿದ್ದ. ಅತ್ತೆ ಕೈ ಕೊಡುತ್ತಿರಲಿಲ್ಲ. ತಲೆ ವಾಲಿ ಹೆಲ್ಮೆಟ್ಟು ಕಾಂಡಕ್ಕೆ ಟಣ್ಣೆನ್ನುತ್ತಿತ್ತು. ಕೆಳಗಿಳಿದ ಮೇಲೆ, "ಅಳಿಯಂದಿರೇ, ಮರ್ಯಾದೆಯೆಲ್ಲ ನೆಲದ ಮೇಲೆ. ಮೇಲೆ ನಾನು ನಿಮ್ಮ ಅತ್ತೆಯಲ್ಲ. ಪ್ರಾಣ ಹೋಗ್ತಿರೋ ಮೈ" ಎಂದಳು. ಅವನು ತಲೆ ತಗ್ಗಿಸಿದ. ಮರುದಿನವೂ ಅದೇ ಕಥೆ.

ಆಕೆ ಕೆಲಸ ನಿಲ್ಲಿಸಿಬಿಟ್ಟಳು. ಫೋನು ಮಾಡಿದವರಿಗೆಲ್ಲ, "ನಮ್ಮಲ್ಲಿ ಇಳಿಸೋರು ಇನ್ನೂ ತಯಾರಾಗಿಲ್ಲ" ಎಂಬ ಉತ್ತರ. ತಮ್ಮ ಸಿಡುಕಿದ: "ಇಷ್ಟು ದಿನ ನಾನೇನು ಬಿದ್ನಾ?" ಮಗಳು ಬಾಗಿಲಲ್ಲಿ ನಿಂತು ಜಗಳ ತೆಗೆದಳು: "ಅಮ್ಮಾ, ಎಲ್ಲರ ಮುಂದೆ ಅವರ ಮಾನ ಯಾಕೆ ಕಳೀತೀಯಾ?"

"ಮಾನ ಹೋದ್ರೆ ನಾಳೆ ಬರುತ್ತೆ. ನಿನ್ನ ಸೋದರಮಾವ ಹೋದ್ರೆ ಬರ್ತಾನೇನೇ?" ಎಂದು ತಾಯಿ ಮತ್ತೆ ಬೆಲ್ಟು ಬಿಗಿದುಕೊಂಡಳು.

ಅಂದು ಆಕೆ ಹೆಣವಾಗಲಿಲ್ಲ, ಗಾಬರಿಯಾದ ಗಾಯಾಳುವಾದಳು. ಅಳಿಯ ಹತ್ತಿರ ಬಂದದ್ದೇ ತಡ, ಅವನ ಕುತ್ತಿಗೆಗೆ ಎರಡೂ ಕೈಯಿಂದ ಜೋತುಬಿದ್ದು, ಕಾಲು ಝಾಡಿಸಿ, ಕಿವಿಯಲ್ಲಿ ಕಿರುಚತೊಡಗಿದಳು. ಅವನಿಗೆ ಉಸಿರು ಕಟ್ಟಿತು. ಕೊಕ್ಕೆ ಹಾಕಲು ಕೈಯಾಡದು, ಕಣ್ಣು ಕತ್ತಲೆ. "ಅತ್ತೆ... ದಯವಿಟ್ಟು..." ಎಂದ. ಆಕೆ ಇನ್ನೂ ಬಿಗಿ ಹಿಡಿದಳು. ಆಗ ಅವನ ಬಾಯಿಂದ ಬಂತು, ಇಡೀ ಬೀದಿಗೆ ಕೇಳುವಂತೆ: "ಕೈ ಬಿಡೇ!" ಅವನು ಆಕೆಯ ತೋಳು ಕಿತ್ತು, ತಿರುಗಿಸಿ, ಎದೆಗೆ ಅವಚಿ, ಕೊಕ್ಕೆ ಸಿಕ್ಕಿಸಿ ಸರಸರನೆ ಇಳಿಸಿದ. ನೆಲ ಮುಟ್ಟಿದ ಮೇಲೆ ತಾನು ಅಂದದ್ದು ನೆನಪಾಗಿ, ಭೂಮಿ ಬಾಯಿ ಬಿಡಬಾರದೇ ಎಂಬಂತೆ ನಿಂತ. ಮೂಟೆಯಕ್ಕ ಮೊಣಕೈ ಉಜ್ಜಿಕೊಳ್ಳುತ್ತ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. "ನಾಳೆ ಕೆಲಸಕ್ಕೆ ಬರ್ತೀವಿ ಅಂತ ಹೇಳಿಬಿಡು" ಎಂದಳು ತಮ್ಮನಿಗೆ.

ಆಮೇಲೆ ಬಹಳ ದಿನ ಕಳೆದಿರಲಿಲ್ಲ. ನಮ್ಮ ಬೀದಿಯ ತುದಿಯ ಮುದಿಮರದಲ್ಲಿ ತಮ್ಮ ಮೇಲಿದ್ದ, ಕೆಳಗೆ ಅಳಿಯ, ಕೊಂಬೆಯ ಹಗ್ಗ ಹಿಡಿದು ಅಕ್ಕ. ಕಡಿದ ಕೊಂಬೆ ಎಣಿಸಿದ ಕಡೆಗೆ ಸರಿಯದೆ ಹಗ್ಗದಲ್ಲೇ ಗಿರಕಿ ಹೊಡೆದು ಬಂದು ತಮ್ಮನ ಭುಜಕ್ಕೂ ತಲೆಗೂ ಬಡಿಯಿತು. ಅವನ ತಲೆ ವಾಲಿತು. ಅವನ ಸೊಂಟದಿಂದ ಜೋತ ಯಂತ್ರದ ಗರಗಸ ಗುರುಗುಟ್ಟುತ್ತಲೇ ಇತ್ತು. ನಾವೆಲ್ಲ ಕೂಗಿದೆವು. ಕೂಗದಿದ್ದವರು ಇಬ್ಬರೇ. ಅಳಿಯ ಆಗಲೇ ಸುಮ್ಮನೆ ಇಳಿಬಿದ್ದಿದ್ದ ಹಗ್ಗದಲ್ಲಿ ಅರ್ಧ ಮರ ಏರಿದ್ದ. ಅಕ್ಕನ ಕೈಯಲ್ಲಿ ಕೊಂಬೆಯ ಭಾರವಿತ್ತು. ಬಿಟ್ಟು ಓಡಿದರೆ ಅದು ಮತ್ತೆ ತೂಗಿ ಬಂದು ಇಬ್ಬರನ್ನೂ ಹೊಡೆಯುತ್ತಿತ್ತು. ಒಡಹುಟ್ಟಿದವನು ಮೇಲೆ ನೇತಾಡುತ್ತಿರುವಾಗ ಆಕೆ ಕತ್ತೆತ್ತಿ ಸಹ ನೋಡದೆ, ಗೇಣು ಗೇಣಾಗಿ ಹಗ್ಗ ಸಡಿಲಿಸುತ್ತ, ಕೊಂಬೆಯನ್ನು ನೆಲಕ್ಕೆ ಮಲಗಿಸಿದಳು. ಅದರಷ್ಟು ಕಠಿಣವಾದದ್ದನ್ನು ನಾನು ಈ ಕಣ್ಣಿಂದ ಬೇರೆ ಕಂಡಿಲ್ಲ.

ಮೇಲೆ ಗರಗಸದ ಸದ್ದು ನಿಂತಿತು. ಅರೆಪ್ರಜ್ಞೆಯಲ್ಲಿ ತಮ್ಮ ಅಳಿಯನ ಕುತ್ತಿಗೆ ಅಮುಕಿ ಹಿಡಿದ. ಆ ಹುಡುಗ ಬೆದರಲಿಲ್ಲ, ಬೇಡಲೂ ಇಲ್ಲ. ಗದರಿದ, ಬಿಡಿಸಿದ, ಅವಚಿದ, ಇಳಿಸಿದ. ಮೂಟೆಯಕ್ಕ ತಮ್ಮನ ತಲೆ ಅಲುಗಾಡದಂತೆ ಎರಡು ಅಂಗೈಯಲ್ಲಿ ಹಿಡಿದು, "ಕಾಲು ಆಡಿಸೋ" ಎಂದಳು. ಕಾಲು ಆಡಿತು. ಆಮೇಲೆ ಅವಳು ಅತ್ತಳು, ಗಂಡ ಸತ್ತಾಗ ಅಳದೆ ಉಳಿದದ್ದನ್ನೂ ಸೇರಿಸಿ ಅತ್ತಂತೆ. ಅತ್ತು ಮುಗಿಸಿ, "ನೀರು ಕುಡೀರಿ ಅಳಿಯಂದಿರೇ" ಎಂದಳು.

ತಮ್ಮ ಉಳಿದ, ಆದರೆ ಹೆಗಲಿನ ಮೂಳೆ ಮುರಿದಿತ್ತು, ಮರ ಹತ್ತುವ ಮಾತು ಸದ್ಯಕ್ಕಿರಲಿಲ್ಲ. ಅಳಿಯನೊಬ್ಬನೇ ಹತ್ತಬಲ್ಲವನು, ಅವನನ್ನು ಇಳಿಸುವವರಿಲ್ಲ. ಅಂಗಳಕ್ಕೆ ಮತ್ತೆ ಬೀಗ ಬೀಳಲಿತ್ತು. ಆಗ ಒಂದು ಬೆಳಿಗ್ಗೆ ಮಗಳು ಸೋದರಮಾವನ ಬೆಲ್ಟನ್ನು ತನ್ನ ಅಳತೆಗೆ ಬಿಗಿದುಕೊಂಡು ಬಂದು ತಾಯಿಯ ಮುಂದೆ ನಿಂತಳು. "ನನ್ನ ಗಂಡನ್ನ ಇಳಿಸೋದು ನಾನು ಕಲೀತೀನಿ. ನೀನು ನೇತಾಡು."

ಮೂಟೆಯಕ್ಕ ಮಗಳ ಬೆಲ್ಟಿನ ಬಿಗಿತ ಎಳೆದು ನೋಡಿದಳು. ಗಂಡನನ್ನು ಮರಕ್ಕೆ ಕೊಟ್ಟವಳು. ತಮ್ಮ ಕೂದಲೆಳೆಯಲ್ಲಿ ಉಳಿದಿದ್ದ. ಇರುವವಳು ಒಬ್ಬಳೇ ಮಗಳು. ಬೇಡವೆಂದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆಕೆ ಕೋಟು ತೆಗೆದಿಟ್ಟು ರಾಟೆಯ ಕೆಳಗೆ ಹೋಗಿ ನಿಂತಳು. ಮಗಳ ಮೊದಲ ಪ್ರಯತ್ನಕ್ಕೆ ಆಕೆಯ ಮೊಣಕೈ ಕಾಂಡಕ್ಕೆ ಉಜ್ಜಿ ಚರ್ಮ ಸುಲಿಯಿತು. "ಅಮ್ಮಾ, ನೋವಾಯ್ತಾ?" ಎಂದು ಮಗಳು ಅಳುವ ದನಿಯಲ್ಲಿ ಕೇಳಿದಳು. ಆಕೆ ಕಣ್ಣು ತೆರೆಯಲಿಲ್ಲ. ಮಗಳು ಮತ್ತೆ ಮೊದಲಿನಿಂದ ಶುರು ಮಾಡಿದಳು.

ಪ್ರಾಣ ಉಳಿಸುವ ಕೈಗಳನ್ನು ಲೋಕ ಕೊಂಡಾಡುತ್ತದೆ, ಕೊಂಡಾಡಲಿ. ಆದರೆ ಯಾವ ಕೈಯೂ ಪಳಗಿಯೇ ಹುಟ್ಟಿ ಬರುವುದಿಲ್ಲ. ಕಲಿಯುವ ದಾದಿಯ ಮೊದಲ ಸೂಜಿಗೆ ತೋಳು ಕೊಟ್ಟವರು, ಈಜು ಕಲಿಸಲು ತಾವೇ ಮುಳುಗುವವರಂತೆ ಒದ್ದಾಡಿದವರು ಎಲ್ಲೋ ಇದ್ದೇ ಇರುತ್ತಾರೆ. ಅವರ ಮೈಮೇಲೆ ತಪ್ಪಿ ತಪ್ಪಿಯೇ ಆ ಕೈ ನೆಟ್ಟಗಾಗಿರುತ್ತದೆ. ಅವರನ್ನು ಯಾರೂ ಸನ್ಮಾನಿಸುವುದಿಲ್ಲ, ಅವರಿಗೆ ಅದು ಬೇಕಾಗಿಯೂ ಇಲ್ಲ. ನಾವು ಬೀಳುವ ದಿನ ಹಿಡಿಯುವ ಕೈ ತಪ್ಪದಿರಲೆಂದು, ಅದಕ್ಕೂ ಮೊದಲೇ ಎಷ್ಟೋ ಸಲ ಅವರು ನಮ್ಮ ಪಾಲಿನ ಪೆಟ್ಟನ್ನು ತಿಂದು ಮುಗಿಸಿರುತ್ತಾರೆ.