ನೀಲಿ ಪಟ್ಟಿಯ ಸುದ್ದಿ

ಸುದ್ದಿ ಸಂಪಾದಕರಿಗೂ ಅವರ ಮಾವನಿಗೂ ಚೆನ್ನಾಗಿಯೇ ಹೊಂದಾಣಿಕೆಯಿತ್ತು, ಸಂಜೆಯ ವಾರ್ತೆ ಶುರುವಾಗುವ ತನಕ. ಆಮೇಲೆ ಅಳಿಯನ ಟಿವಿ ನಡುಮನೆಯಲ್ಲಿ, ಮಾವನ ಟಿವಿ ಅವರ ಕೋಣೆಯಲ್ಲಿ, ನಡುವೆ ಗೋಡೆ. ಅಳಿಯ ದುಡಿಯುತ್ತಿದ್ದ, ಪರದೆಯ ಕೆಳಗೆ ಕೆಂಪು ಪಟ್ಟಿಯಿರುವ ಚಾನೆಲ್ ಆಳುವ ಪಕ್ಷದವರಿಗೆ ಅಚ್ಚುಮೆಚ್ಚು. ಮಾವ ಹುಟ್ಟಾ ವಿರೋಧ ಪಕ್ಷ. ನೀಲಿ ಪಟ್ಟಿಯ ಚಾನೆಲ್ ಬಿಟ್ಟು ಅವರ ರಿಮೋಟ್ ಅಲುಗುತ್ತಿರಲಿಲ್ಲ. ಮಗಳನ್ನು ಕೊಟ್ಟ ಮೇಲೂ ಅಳಿಯನ ಸುದ್ದಿಯನ್ನು ಒಮ್ಮೆಯೂ ನೋಡಿದವರಲ್ಲ.

"ರೇಟಿಂಗಲ್ಲಿ ನಾವೇ ಮುಂದಿದ್ದೀವಿ ಮಾವ. ಒಳ್ಳೆ ಸುದ್ದಿ ಕೊಟ್ರೆ ಜನ ನೋಡೇ ನೋಡ್ತಾರೆ."

"ಒಳ್ಳೇದೂ ಇಲ್ಲ, ಮಣ್ಣೂ ಇಲ್ಲ. ನಿಮ್ಮ ಕಡೆಯೋರ ತಲೆ ಜಾಸ್ತಿ ಇವೆ, ಅಷ್ಟೇ."

ಎರಡೂ ಚಾನೆಲ್‌ಗಳ ಸುದ್ದಿ ಹೊರಡುತ್ತಿದ್ದುದು ಒಂದೇ ಗೋಪುರದಿಂದ. ಅವುಗಳಿಗೆ ಬಣ್ಣದ ಪಟ್ಟಿ, ಲಾಂಛನ ಹಾಕುತ್ತಿದ್ದುದೂ ಅಲ್ಲಿಯೇ. ಅಲ್ಲಿನ ಎಂಜಿನಿಯರ್ ಒಂದು ದಿನ ಯಂತ್ರದ ಧೂಳು ಒರೆಸಿ, ಕೇಬಲ್‌ಗಳನ್ನು ಅದಲುಬದಲಾಗಿ ಚುಚ್ಚಿ, ಬೀಗ ಹಾಕಿಕೊಂಡು ಮಗಳ ಮದುವೆಗೆ ಹೊರಟುಹೋದ.

ಅಂದು ಸಂಪಾದಕರಿಗೆ ರಜೆ. ಟಿವಿ ಹಾಕಿದರೆ ಕೆಂಪು ಪಟ್ಟಿಯ ಮೇಲೆ ಎದುರಾಳಿ ಚಾನೆಲ್ಲಿನ ವಾಚಕ ಮೇಜು ಗುದ್ದಿ ಕಿರುಚುತ್ತಿದ್ದ. ತಮ್ಮ ವಾಚಕಿಯ ಮೆಲುದನಿ ಗೋಡೆಯಾಚೆಯಿಂದ ಕೇಳಿಬಂತು. ಎದ್ದೆನೋ ಬಿದ್ದೆನೋ ಎಂದು ಓಡಿದರು.

"ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ," ಎಂದರು ಮಾವ. "ನಮ್ಮೋರು ಹೊಸ ಹುಡುಗೀನ ತಂದಿದ್ದಾರೆ. ಸೇತುವೆ ಯಾಕೆ ಬಿರುಕು ಬಿಟ್ತು ಅಂತ ಎಷ್ಟು ಬಿಡಿಸಿ ಹೇಳಿದ್ಲು! ಸುದ್ದಿ ಅಂದ್ರೆ ಇದು. ನೋಡಿ ಕಲೀರಿ."

"ಮಾವ, ಇದು ನಾನು ಮಾಡಿಸಿದ್ದು!"

"ಪಟ್ಟಿ ನೋಡಿ, ಪಟ್ಟಿ. ಬಣ್ಣನೂ ಕಾಣಲ್ವಾ ನಿಮಗೆ?"

ಸಂಪಾದಕರು ಚಾನೆಲ್ಲಿನ ಯಜಮಾನರಿಗೆ ಫೋನು ಮಾಡಿದರು. ಅವರು ಬಾಯಿ ತೆರೆಯುವ ಮೊದಲೇ ಯಜಮಾನರು ಉಬ್ಬಿಹೋಗಿದ್ದರು. "ಸ್ವಲ್ಪ ಗಟ್ಟಿಯಾಗಿ ಓದ್ಸಿ ಅಂತ ಬಡ್ಕೋತಿದ್ದೆ. ಇವತ್ತು ಜೀವ ಬಂತು ನೋಡಿ!"

"ಸರ್, ಅದು ನಮ್ಮ ಸುದ್ದಿನೇ ಅಲ್ಲ..."

"ಇಷ್ಟೊಂದು ವಿನಯ ಒಳ್ಳೇದಲ್ಲ ಕಣ್ರೀ."

ಮದುವೆ ಮುಗಿಸಿ ಎಂಜಿನಿಯರ್ ಬಂದು ಕೇಬಲ್ ಸರಿಮಾಡುವಷ್ಟರಲ್ಲಿ ಒಂದು ವಾರ ಕಳೆದಿತ್ತು. ಆ ವಾರದ ರೇಟಿಂಗ್ ಬಂತು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ, ಕೆಂಪು ಎಂದಿನಷ್ಟೇ ಮುಂದೆ, ನೀಲಿ ಎಂದಿನಷ್ಟೇ ಹಿಂದೆ. ಯಜಮಾನರು ಎಲ್ಲರನ್ನೂ ಕೂಡಿಸಿ, "ಗುಣಮಟ್ಟ ಅಂದ್ರೆ ಇದಪ್ಪ!" ಎಂದು ಸಂಪಾದಕರ ಕೊರಳಿಗೆ ಹಾರ ಹಾಕಿದರು. ಮಾಡದ ಕೆಲಸಕ್ಕೆ ಬಿದ್ದ ಹಾರ. ಸಂಪಾದಕರು ನಗಬೇಕೋ ಅಳಬೇಕೋ ತಿಳಿಯದೆ, ಅದನ್ನು ಕಾರಿನ ಹಿಂದಿನ ಸೀಟಿನಲ್ಲಿ ಎಸೆದು ಮನೆಗೆ ಬಂದರು. ಇಷ್ಟು ವರ್ಷ ಪದಪದ ತೂಗಿ ಸುದ್ದಿ ಮಾಡಿದ್ದು ಯಾರಿಗಾಗಿ? ಮಾವ ಹೇಳಿದ್ದೇ ನಿಜವಿರಬೇಕು, ಬರೀ ತಲೆಗಳ ಎಣಿಕೆ.

ಮನೆಯಲ್ಲಿ ಮಾವ ಮುಖ ಊದಿಸಿಕೊಂಡು ಕೂತಿದ್ದರು. ಅವರ ಟಿವಿಯಲ್ಲಿ ಹಳೆಯ ವಾಚಕ ಮತ್ತೆ ಮೇಜು ಗುದ್ದುತ್ತಿದ್ದ.

"ಆ ಹುಡುಗೀನ ಎಲ್ಲಿಗೆ ಕಳಿಸಿದ್ರೋ! ಇವನು ಹೇಳೋದು ಒಂದಕ್ಷರ ತಲೆಗೆ ಹತ್ತಲ್ಲ."

ಸಂಪಾದಕರ ಹೊಟ್ಟೆಗೆ ಹಾಲೆರೆದಂತಾಯಿತು. "ನಡುಮನೆಗೆ ಬನ್ನಿ ಮಾವ. ಅವಳು ಅಲ್ಲೇ ಇದ್ದಾಳೆ."

"ನಿಮ್ಮ ಕೆಂಪು ಚಾನೆಲ್ಲಲ್ಲಾ? ನನ್ನ ಹೆಣ ಬೀಳಲಿ, ಆಮೇಲೆ ನೋಡೋಣ."

ಅಡುಗೆಮನೆಯಿಂದ ಇದನ್ನೆಲ್ಲ ಕೇಳುತ್ತಿದ್ದ ಸಂಪಾದಕರ ಹೆಂಡತಿ ತಲೆ ಚಚ್ಚಿಕೊಂಡಳು. ಹಳೆಯ ನೀಲಿ ಸೀರೆಯ ಅಂಚು ಕತ್ತರಿಸಿ ತಂದು, ನಡುಮನೆಯ ಟಿವಿಯ ಕೆಳಭಾಗಕ್ಕೆ ಅಂಟಿಸಿದಳು. ಕೆಂಪು ಪಟ್ಟಿ ಮುಚ್ಚಿಹೋಯಿತು. ಮೂಲೆಯ ಲಾಂಛನಕ್ಕೊಂದು ತುಂಡು.

"ಅಪ್ಪಾ, ಈಗ ಬಾ."

ಮಾವ ಬಂದು ಬಾಗಿಲಲ್ಲೇ ನಿಂತರು. ಬಟ್ಟೆಯನ್ನು ನೋಡಿದರು, ಮಗಳನ್ನು ನೋಡಿದರು. ಗೊತ್ತಾಗಲಿಲ್ಲವೆಂದೇನಲ್ಲ. ಗಂಭೀರವಾಗಿ ಗಂಟಲು ಸರಿಮಾಡಿಕೊಂಡು ಅಳಿಯನ ಪಕ್ಕದಲ್ಲಿ ಕೂತರು.

ವಾಚಕಿ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಸಿಗದಿರುವ ಸುದ್ದಿ ಓದುತ್ತಿದ್ದಳು. ಮಾವ ಕೊನೆಯವರೆಗೂ ಕೇಳಿ, "ಎಲ್ಲಾ ಸರಿ. ಆದ್ರೆ ಮಾತ್ರೆ ಮತ್ತೆ ಯಾವಾಗ ಬರುತ್ತೆ ಅಂತ ಹೇಳಲೇ ಇಲ್ವಲ್ಲ?" ಎಂದರು.

ಹೌದಲ್ಲ! ಸಂಪಾದಕರು ಫೋನು ತೆಗೆದುಕೊಂಡು ವರದಿಗಾರನಿಗೆ ಕರೆ ಮಾಡಿದರು.