ನಲವತ್ತು ತುಳಿತ

ರಾತ್ರಿ ಒಂದೂವರೆಯ ಹೊತ್ತಿಗೆ ಹಾಲ್ ಕಡೆಯಿಂದ ಟಿಕ್, ಟಿಕ್, ಟಿಕ್ ಎಂದು ಸಣ್ಣ ಸದ್ದು ಬಂತು. ಗಡಿಯಾರದ್ದಲ್ಲ, ಗಡಿಯಾರ ಹೀಗೆ ನಿಧಾನವಾಗುತ್ತ ಬಂದು, ನಿಂತು, ಮತ್ತೆ ಜೋರಾಗಿ ಶುರುವಾಗುವುದಿಲ್ಲ. ಆ ರಾತ್ರಿ ಕಾವೇರಪ್ಪನವರ ಮನೆಯಲ್ಲೇ ಉಳಿದಿದ್ದ ಪ್ರೇರಣಾಗೆ ಹೇಗೂ ನಿದ್ದೆ ಬಂದಿರಲಿಲ್ಲ. ಹೊದಿಕೆಯೊಳಗೆ ಫೋನ್ ಹಿಡಿದು ಹತ್ತು ನಿಮಿಷಕ್ಕೊಮ್ಮೆ, ಬೆಳಿಗ್ಗೆ ರೇಸ್ ನಡೆಯಲಿರುವ ಮಾನೇಸರ್‌ನ ಹವಾಮಾನ ನೋಡುತ್ತಿದ್ದಳು. ನಾಲ್ಕು ಡಿಗ್ರಿ, ದಟ್ಟ ಮಂಜು. ಪ್ರತಿ ಸಲವೂ ಅದೇ ಇತ್ತು, ಆದರೂ ನೋಡುತ್ತಿದ್ದಳು.

ಎದ್ದು ಹೋಗಿ ದೀಪ ಹಾಕಿದಳು. ಕಾವೇರಪ್ಪ ಕಂಬಳಿ ಹೊದ್ದು ನೆಲದ ಮೇಲೆ ಕೂತಿದ್ದರು. ಸೈಕಲ್ಲಿನ ಹಿಂದಿನ ಚಕ್ರವನ್ನು ಎತ್ತಿ ತಿರುಗಿಸಿ, ಕಿವಿಯನ್ನು ಅದರ ಪಕ್ಕಕ್ಕೆ ತಂದಿದ್ದರು.

“ದೀಪ ಯಾಕೆ ಹಾಕಿದೆ ಕ್ಯಾಪ್ಟನ್? ನನಗಂತೂ ಬೇಡ.”

“ನನಗೆ ಬೇಕಲ್ಲ ಅಂಕಲ್. ಏನ್ ಮಾಡ್ತಿದ್ದೀರಿ ಈ ಹೊತ್ತಲ್ಲಿ?”

“ಒಂದು ಕಡ್ಡಿ ಸಡಿಲ ಆಗಿದೆ. ಕೇಳು.” ಚಕ್ರದ ಕಡ್ಡಿಗಳನ್ನು ಉಗುರಿನಿಂದ ಒಂದೊಂದಾಗಿ ಮೀಟಿದರು. ಟಿಣ್, ಟಿಣ್, ಟಿಣ್, ಟಪ್. “ಗೊತ್ತಾಯ್ತಾ? ಇದೊಂದು ನೆಗಡಿ ಬಂದವನ ಹಾಗೆ ಮಾತಾಡ್ತಿದೆ.”

ಒಳಗಿನ ಕೋಣೆಯಿಂದ ಅವರ ಹೆಂಡತಿ ಚಿಣ್ಣಮ್ಮನವರ ಧ್ವನಿ ಬಂತು. “ಸೈಕಲ್ಲಿಗೆ ಇವರು ಡಾಕ್ಟರು. ಇವರಿಗೆ ಮಾತ್ರೆ ನೆನಪಿಸೋಕೆ ನಾನು. ಮಲಗಿ ಇಬ್ಬರೂ.”

ಅದು ಇಬ್ಬರು ಕೂತು ತುಳಿಯುವ ಟ್ಯಾಂಡಮ್ ಸೈಕಲ್. ಹ್ಯಾಂಡಲ್ಲು, ಬ್ರೇಕು ಎಲ್ಲ ಮುಂದೆ ಕೂತವರದ್ದು; ಹಿಂದಿನವರು ನಂಬಿ ತುಳಿಯಬೇಕು. ಮುಂದಿನವರನ್ನು ಕ್ಯಾಪ್ಟನ್ ಎನ್ನುತ್ತಾರೆ. ಇಪ್ಪತ್ತಾರು ವರ್ಷ ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದ ಕಾವೇರಪ್ಪನವರಿಗೆ, ತಮಗಿಂತ ಇಪ್ಪತ್ತು ವರ್ಷ ಚಿಕ್ಕ ಕ್ಯಾಪ್ಟನ್ ಸಿಕ್ಕಿದ್ದು ಇನ್ನೂ ಮುಗಿಯದ ತಮಾಷೆ. ಐದು ವರ್ಷದ ಹಿಂದೆ ಅವರ ಎರಡೂ ಕಣ್ಣು ಹೋಗಿದ್ದವು. ಯಾವ ಯುದ್ಧದಲ್ಲಿ ಎಂದು ಯಾರಾದರೂ ಭಕ್ತಿಯಿಂದ ಕೇಳಿದರೆ, “ಸಕ್ಕರೆ ಕಾಯಿಲೆ ಜೊತೆ ಆದ ಯುದ್ಧದಲ್ಲಿ” ಎನ್ನುತ್ತಿದ್ದರು.

ಪ್ರೇರಣಾ ಗುರುಗ್ರಾಮದ ಕಂಪನಿಯೊಂದರಲ್ಲಿ ಒಪ್ಪಂದದ ಕರಡುಗಳನ್ನು ಓದಿ, ಎಲ್ಲೆಲ್ಲಿ ಏನೇನು ಕೆಡಬಹುದು ಎಂದು ಗುರುತು ಹಾಕುವವಳು. ಆ ಕೆಲಸ ಆಫೀಸಿನಲ್ಲೇ ಮುಗಿಯುತ್ತಿರಲಿಲ್ಲ. ದಿಲ್ಲಿಯ ದ್ವಾರಕಾದಲ್ಲಿದ್ದ ತನ್ನ ಕಟ್ಟಡದ ಲಿಫ್ಟಿನಲ್ಲಿ, ಮೆಟ್ರೋದಲ್ಲಿ, ಸೈಕಲ್ಲಿನ ಮೇಲೆ, ಎಲ್ಲೆಲ್ಲೂ ಅವಳ ಕಣ್ಣು ಕೆಡಬಹುದಾದದ್ದನ್ನೇ ಹುಡುಕುತ್ತಿತ್ತು. ಕ್ಲಬ್ಬಿನಲ್ಲಿ ಕಾವೇರಪ್ಪ ಅವಳನ್ನು ಆರಿಸಿಕೊಂಡದ್ದೂ ಅದಕ್ಕೇ. “ಹೆದರಿಕೆ ಇಲ್ಲದವನ ಹಿಂದೆ ಕೂತು ಒಂದು ಸಲ ಭುಜ ಮುರ್ಕೊಂಡಿದ್ದೀನಿ, ಸಾಕು” ಎಂದಿದ್ದರು.

ಕ್ಲಬ್ಬಿಗೆ ಇದ್ದದ್ದು ಒಂದೇ ಟ್ಯಾಂಡಮ್. ಜನವರಿಯ ಈ ರೇಸನ್ನು ಎರಡು ಗಂಟೆಯೊಳಗೆ ಮುಗಿಸಿದರೆ ಅದು ಇನ್ನೊಂದು ವರ್ಷ ಇವರ ಬಳಿಯೇ ಇರುತ್ತದೆ. ಇಲ್ಲದಿದ್ದರೆ ಸರದಿಯಲ್ಲಿ ಕಾಯುತ್ತಿರುವ ಸುಹಾಸ್ ಮತ್ತು ಅವನ ಜೊತೆಗಾರನಿಗೆ ಹೋಗುತ್ತದೆ. ಕಾವೇರಪ್ಪ ಜನಕಪುರಿಯ ಮನೆಯಿಂದ ಹೊರಗೆ ಬರುವುದು ವಾರಕ್ಕೆ ಎರಡೇ ದಿನ, ಈ ಸೈಕಲ್ಲಿಗಾಗಿ. ಅದನ್ನು ಅವರು ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ಚಿಣ್ಣಮ್ಮ ಹೇಳಿದ್ದರು, ಪ್ರೇರಣಾಳನ್ನು ಅಡುಗೆಮನೆಗೆ ಕರೆದು, ಗಂಡನಿಗೆ ಕೇಳಿಸದಿರಲೆಂದು ನಲ್ಲಿ ಬಿಟ್ಟುಕೊಂಡು.

ಬೆಳಿಗ್ಗೆ ಮಾನೇಸರ್‌ನ ಕಾರ್ಖಾನೆಗಳ ನಡುವಿನ ರಸ್ತೆಯಲ್ಲಿ ಅರವತ್ತು ಎಪ್ಪತ್ತು ಸೈಕಲ್‌ಗಳು ಸೇರಿದ್ದವು. ಎಷ್ಟೆಂದು ಸರಿಯಾಗಿ ಎಣಿಸುವಂತಿರಲಿಲ್ಲ, ಹಿಂದಿನ ಸಾಲುಗಳು ಮಂಜಿನಲ್ಲಿ ಕರಗಿದ್ದವು. ಸುಹಾಸ್ ತನ್ನ ಕಾರಿನ ನೆತ್ತಿಗೆ ಆಗಲೇ ಸೈಕಲ್ ಕಟ್ಟುವ ಸ್ಟ್ಯಾಂಡ್ ಹಾಕಿಸಿಕೊಂಡು ಬಂದಿದ್ದ.

“ನೋಡಿದ್ಯಾ,” ಎಂದರು ಚಿಣ್ಣಮ್ಮ ಫ್ಲಾಸ್ಕ್ ಅಪ್ಪಿಕೊಂಡು. “ಹುಡುಗಿ ನೋಡೋಕೆ ಬಂದವನು ತಾಳಿ ಮಾಡಿಸ್ಕೊಂಡೇ ಬಂದಿದ್ದಾನೆ.”

ರೇಸ್ ನಡೆಸುವ ವಿಕ್ರಮ್ ಹಿಂದಿಯಲ್ಲಿ ನಿಯಮ ಹೇಳಿದ. ಹನ್ನೆರಡು ಕಿಲೋಮೀಟರಿನ ಸುತ್ತು, ನಾಲ್ಕು ಸಲ. ರಸ್ತೆಯ ಈ ಬದಿಗೆ ಲಾರಿ, ಕಾರು ಬಿಡುವುದಿಲ್ಲ. ಕೊನೆಗೆ ಟ್ಯಾಂಡಮ್ ಹತ್ತಿರ ಬಂದು ನಿಂತ. “ದೀದಿ, ಮುಂದಿನ ದಾರಿ ಕಾಣದಿದ್ದರೆ ನಿಲ್ಲಿಸಿಬಿಡಿ. ಕಾಣದೆ ಓಡಿಸಿದ್ದು ಗೊತ್ತಾದರೆ ನಿಮ್ಮ ಜೋಡಿಯನ್ನೇ ರದ್ದು ಮಾಡಬೇಕಾಗುತ್ತೆ. ಹಿಂದೆ ಕೂತವರ ಜವಾಬ್ದಾರಿ ನಿಮ್ಮದು.” ಪ್ರೇರಣಾ ತಲೆಯಾಡಿಸಿದಳು. ಅವಳಿಗೆ ಆ ನಿಯಮ ಸರಿಯೆನಿಸಿತು. ತಾನೇ ಬರೆದಿದ್ದರೂ ಹಾಗೇ ಬರೆಯುತ್ತಿದ್ದಳು.

ಮೊದಲ ಸುತ್ತಿನಲ್ಲಿ ಅವಳು ಕಂಡದ್ದನ್ನೆಲ್ಲ ಹೇಳುತ್ತ ಹೋದಳು. ಎಡಕ್ಕೆ ತಿರುವು. ಮುಂದೆ ಹಂಪ್. ಬಲಕ್ಕೆ ಗುಂಡಿ. ಸುತ್ತು ಮುಗಿದಾಗ ಇಪ್ಪತ್ತೊಂಬತ್ತು ನಿಮಿಷ. ಎರಡನೆಯ ಸುತ್ತಿನಲ್ಲಿ ಮಂಜು ಇನ್ನೂ ಕೆಳಗಿಳಿಯಿತು. ಮುಂದೆ ಹೋಗುವವರ ಕೆಂಪು ದೀಪಗಳು ಒಂದೊಂದಾಗಿ ಇಲ್ಲವಾದವು.

“ಈಗ ಹಂಪ್ ಬರುತ್ತೆ,” ಎಂದರು ಕಾವೇರಪ್ಪ ಹಿಂದಿನಿಂದ.

ಮೂರು ತುಳಿತದ ನಂತರ ಹಂಪ್ ಬಂತು.

“ಹೇಗೆ ಗೊತ್ತಾಯ್ತು?”

“ರಬ್ಬರ್ ಸುಟ್ಟ ವಾಸನೆ ಬಂದ ಮೇಲೆ ಹದಿನೈದು ತುಳಿತ. ಹೋದ ಸಲ ಎಣಿಸಿದ್ದೆ.”

ಅವಳಿಗೆ ವಾಸನೆ ಬಂದೇ ಇರಲಿಲ್ಲ. ಮುಂದಿನ ಅರ್ಧ ಸುತ್ತು ಅವಳು ಕೇಳುತ್ತಲೇ ಹೋದಳು, ಇದು ಹೇಗೆ, ಅದು ಹೇಗೆ ಎಂದು. ಗೋಡೆ ಹತ್ತಿರ ಬಂದರೆ ಟೈರಿನ ಸದ್ದು ವಾಪಸ್ ಬರುತ್ತದಂತೆ. ಗೇಟು ಬಂದಲ್ಲಿ ಆ ಸದ್ದು ಸ್ವಲ್ಪ ಹೊತ್ತು ಎಲ್ಲೋ ಹೋಗಿಬಿಡುತ್ತದಂತೆ. ರಸ್ತೆಯಂಚಿನ ಬಿಳಿ ಪಟ್ಟಿಯ ಮೇಲೆ ಚಕ್ರ ಹತ್ತಿದರೆ ಸೀಟಿನ ಕೆಳಗಿನ ನಡುಕ ನಿಲ್ಲುತ್ತದಂತೆ. ಅವಳು ಬೇಕೆಂದೇ ಪಟ್ಟಿಯ ಮೇಲೆ ಹತ್ತಿಸಿ ನೋಡಿದಳು. ನಿಜ, ನಡುಕ ನಿಂತಿತು. ಇಷ್ಟು ದಿನ ಇದರ ಮೇಲೆ ಕೂತು ತನಗೆ ತಿಳಿಯದೇ ಹೋದದ್ದು ಹೇಗೆ ಎಂದು ಯೋಚಿಸುವಷ್ಟರಲ್ಲಿ ಮುಂದೆ ಯಾರೋ ಅಡ್ಡ ನಿಂತಂತಾಯಿತು. ಬ್ರೇಕ್ ಹಿಡಿದಳು. ಯಾರೂ ಇರಲಿಲ್ಲ, ನೀಲಗಿರಿ ಮರದ ಕೆಳಗೆ ಮಂಜು ಸ್ವಲ್ಪ ಗಟ್ಟಿಯಾಗಿತ್ತು, ಅಷ್ಟೇ.

ಮೂರನೆಯ ಸುತ್ತಿನಲ್ಲಿ ಹೀಗೆ ಹನ್ನೊಂದು ಸಲ ಆಯಿತು. ಕಾರ್ಖಾನೆಯೊಂದರ ಉದ್ದನೆಯ ಕಾಂಪೌಂಡ್ ಪಕ್ಕದ ನೇರ ದಾರಿಯಲ್ಲೇ ಆರು ಸಲ. ಅಲ್ಲಿ ಸಾಲಾಗಿ ಮರಗಳಿದ್ದವು, ಪ್ರತಿ ಮರವೂ ಒಬ್ಬ ಮನುಷ್ಯನಾಗಿ, ಒಂದು ನಾಯಿಯಾಗಿ ಎದುರು ಬರುತ್ತಿತ್ತು. ಇದು ಮರ ಎಂದು ಗೊತ್ತಿದ್ದೂ ಕೈ ತಾನಾಗಿ ಬ್ರೇಕ್ ಒತ್ತುತ್ತಿತ್ತು.

“ಕ್ಯಾಪ್ಟನ್, ಅಲ್ಲಿ ಏನಿತ್ತು?”

“ಏನೂ ಇಲ್ಲ ಅಂಕಲ್.”

“ಅದಕ್ಕೂ ಮುಂಚೆ?”

“ಅಲ್ಲೂ ಏನೂ ಇರಲಿಲ್ಲ.”

“ಅಚ್ಛಾ,” ಎಂದರು ಕಾವೇರಪ್ಪ. ಬೈದಿದ್ದರೆ ಚೆನ್ನಾಗಿತ್ತು.

ಮೂರನೆಯ ಸುತ್ತು ಮುಗಿಯುವಾಗ ಒಂದು ಗಂಟೆ ಮೂವತ್ತೆರಡು ನಿಮಿಷವಾಗಿತ್ತು. ಉಳಿದದ್ದು ಇಪ್ಪತ್ತೆಂಟು. ತಿರುವಿನಲ್ಲಿ ನಿಂತಿದ್ದ ಕ್ಲಬ್ಬಿನ ಹುಡುಗಿ ಅದಿತಿ ಬಾವುಟ ಎತ್ತಿ ಕೂಗಿದಳು, “ದೀದಿ, ದಿಖ್ ರಹಾ ಹೈ ನಾ?” ಕಾಣುತ್ತಿದೆಯಾ ಎಂದು. ಪ್ರೇರಣಾ ಹೌದೆಂದು ಕೈಯೆತ್ತಿದಳು. ಅದು ಸುಳ್ಳೂ ಅಲ್ಲ. ಕಾಣುತ್ತಿತ್ತು, ಇಲ್ಲದ್ದೆಲ್ಲ ಕಾಣುತ್ತಿತ್ತು.

ಕಾಂಪೌಂಡಿನ ನೇರ ದಾರಿ ಮತ್ತೆ ಬಂತು. ಒಳಗೆಲ್ಲೋ ತಗಡು ಒತ್ತುವ ಯಂತ್ರ ಧಡ್, ಧಡ್ ಎನ್ನುತ್ತಿತ್ತು.

“ಇಲ್ಲಿಂದ ಹಂಪ್ ತನಕ ನಲವತ್ತು,” ಎಂದರು ಕಾವೇರಪ್ಪ. “ಒಂದು. ಎರಡು.”

ಮೊದಲ ಮರ ಎದುರಾಯಿತು. ಅವಳ ಬೆರಳು ಬ್ರೇಕಿನ ಕಡೆ ಹೋಯಿತು. ಆ ಕ್ಷಣದಲ್ಲಿ ಅವಳಿಗೆ ಹೆದರಿಕೆಗಿಂತ ಬೇರೆ ಏನೋ ಬಂತು. ಎರಡನೆಯ ಸುತ್ತಿನಿಂದ ಒಳಗೆ ತಿನ್ನುತ್ತಿದ್ದ ಕುತೂಹಲ ಅದು. ಹಿಂದಿನ ಸೀಟಿನಲ್ಲಿ ಈ ರಸ್ತೆ ಹೇಗಿರುತ್ತದೆ? ಮರಗಳಿಲ್ಲದ ರಸ್ತೆ?

ಅವಳು ಕಣ್ಣು ಮುಚ್ಚಿದಳು.

ಹ್ಯಾಂಡಲ್ಲನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಗವಸಿನ ಹೊಲಿಗೆ ಅಂಗೈಗೆ ಚುಚ್ಚಿತು. ಏಳು, ಎಂಟು. ಆಮೇಲೆ ಎಡಕಿವಿಯಲ್ಲಿ ಗೋಡೆ ಬಂದು ಕೂತಿತು. ನಿಜವಾಗಿಯೂ ಕೂತಿತು, ಕೈಚಾಚಿದರೆ ಮುಟ್ಟಬಹುದೇನೋ ಎಂಬಷ್ಟು. ಟೈರಿನ ಸದ್ದು ಅದಕ್ಕೆ ತಾಗಿ ವಾಪಸ್ ಬರುತ್ತಿತ್ತು. ಹದಿನಾಲ್ಕರ ಹೊತ್ತಿಗೆ ಆ ಸದ್ದು ಎಲ್ಲೋ ಹೋಯಿತು, ಹದಿನಾರಕ್ಕೆ ಬಂತು. ಗೇಟು. ಅಲ್ಲೊಂದು ಗೇಟಿರುವುದನ್ನು ಅವಳು ಮೂರು ಸುತ್ತಿನಲ್ಲೂ ನೋಡಿರಲಿಲ್ಲ. ನಡುಕ ಒಮ್ಮೆ ನಿಂತಿತು. ಬಿಳಿ ಪಟ್ಟಿ. ಅವಳು ಸ್ವಲ್ಪ ಬಲಕ್ಕೆ ಬಂದಳು, ನಡುಕ ಮರಳಿತು. ನಾಯಿ ಬರಬಹುದು ಎಂದು ತಲೆ ಹೇಳಿತು. ಯಾರೋ ಬಿದ್ದಿರಬಹುದು ಎಂದಿತು. ನಿನ್ನ ಹಿಂದೆ ಒಬ್ಬರು ಕೂತಿದ್ದಾರೆ ಎಂದಿತು. ಅದೆಲ್ಲ ನಿಜವೇ. ಆದರೂ ಅವಳು ಕೇಳುತ್ತ ತುಳಿದಳು. ಇಪ್ಪತ್ತೆಂಟು, ಇಪ್ಪತ್ತೊಂಬತ್ತು. ಕಾವೇರಪ್ಪನವರ ಎಣಿಕೆ ಎಲ್ಲೂ ಏರಲಿಲ್ಲ, ಇಳಿಯಲಿಲ್ಲ.

“ಮೂವತ್ತೆಂಟು,” ಎಂದಾಗ ಕಣ್ಣು ಬಿಟ್ಟಳು. ಎದುರಿಗೇ ಹಂಪ್ ಇತ್ತು.

ಅಲ್ಲಿಂದ ಮುಂದೆ ಅವಳು ಮತ್ತೆ ಕಣ್ಣು ಮುಚ್ಚಲಿಲ್ಲ. ಮುಚ್ಚುವ ಅಗತ್ಯವೂ ಬೀಳಲಿಲ್ಲ. ನೆರಳು ಎದುರು ಬಂದರೆ ಮೊದಲು ಸದ್ದು ಕೇಳುತ್ತಿದ್ದಳು, ಆಮೇಲೆ ಬ್ರೇಕಿನ ಯೋಚನೆ. ಒಮ್ಮೆ ಮಾತ್ರ ಹಿಡಿದಳು. ಆಗ ಅಲ್ಲಿ ನಿಜವಾಗಿಯೂ ಒಬ್ಬ ಸವಾರ ಪಂಕ್ಚರ್ ಆದ ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದ.

ಗೆರೆ ದಾಟಿದಾಗ ವಿಕ್ರಮ್ ಗಡಿಯಾರ ತೋರಿಸಿದ. ಒಂದು ಗಂಟೆ ಐವತ್ತೊಂಬತ್ತು ನಿಮಿಷ, ಇಪ್ಪತ್ತು ಸೆಕೆಂಡು. ಚಿಣ್ಣಮ್ಮ ಮೊದಲು ಗಂಡನ ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ಪರೀಕ್ಷಿಸಿದರು, ಆಮೇಲೆ ಇಬ್ಬರಿಗೂ ಕಾಫಿ ಬಗ್ಗಿಸಿದರು. ಸುಹಾಸ್ ಬಂದು ಕೈ ಕುಲುಕಿದ, ಒಳ್ಳೆಯ ಹುಡುಗ. “ಮುಂದಿನ ವರ್ಷ ಬಿಡಲ್ಲ ಅಂಕಲ್,” ಎಂದ.

“ಅಲ್ಲಿಯವರೆಗೆ ಆ ಸ್ಟ್ಯಾಂಡ್ ಮೇಲೆ ಹಾಸಿಗೆ ಕಟ್ಕೋ,” ಎಂದರು ಕಾವೇರಪ್ಪ.

ವಿಕ್ರಮ್ ಒಂದು ಹಾಳೆ ತಂದ. ಕ್ಯಾಪ್ಟನ್ ತುಂಬಬೇಕಾದದ್ದು. ದಾರಿಯಲ್ಲಿ ಏನಾದರೂ ತೊಂದರೆಯಾಯಿತೇ ಎಂಬ ಕಡೆ ಅವಳ ಪೆನ್ನು ನಿಂತಿತು. ಬೇರೆಯವರ ಹಾಳೆಗಳಲ್ಲಿ ಇಂಥ ಖಾಲಿ ಜಾಗಗಳನ್ನು ಹುಡುಕಿ ಕೆಂಪು ಗೆರೆ ಎಳೆಯುವವಳು ಅವಳು. ಏನು ಬರೆಯಬೇಕು? ನಲವತ್ತರಲ್ಲಿ ಮೂವತ್ತಾರು ತುಳಿತ ನಾನು ನೋಡಲಿಲ್ಲ. ಬರೆದರೆ ಸೈಕಲ್ ಸುಹಾಸನ ಕಾರು ಹತ್ತುತ್ತದೆ, ಕಾವೇರಪ್ಪ ಜನಕಪುರಿಯ ಆ ಎರಡು ಕೋಣೆಗೆ ಮರಳುತ್ತಾರೆ. ಬರೆಯದಿದ್ದರೆ?

“ಕ್ಯಾಪ್ಟನ್,” ಎಂದರು ಕಾವೇರಪ್ಪ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು. “ಕೊನೇ ಸುತ್ತಲ್ಲಿ, ಆ ಗೋಡೆ ಹತ್ರ, ಸೈಕಲ್ ದಾರ ಕಟ್ಟಿ ಎಳೆದ ಹಾಗೆ ಹೋಯ್ತು. ನೀನು ಯಾವತ್ತೂ ಅಷ್ಟು ನೇರ ಓಡ್ಸಿಲ್ಲ. ಏನ್ ಮಾಡ್ದೆ?”

ಅವಳು ಅವರ ಮುಖ ನೋಡಿದಳು. ಗೊತ್ತಿದ್ದು ಕೇಳುತ್ತಿದ್ದಾರೋ, ಗೊತ್ತಿಲ್ಲದೆಯೋ? ಮುಖ ಎಂದಿನಂತೆ ಸ್ವಲ್ಪ ಬಲಕ್ಕೆ ತಿರುಗಿತ್ತು, ಕಿವಿ ಇವಳ ಕಡೆಗಿತ್ತು. ಇದ್ದದ್ದನ್ನು ಹೇಳಿಬಿಟ್ಟರೆ ನಕ್ಕಾರು. ಅಥವಾ ನಗದೆ, ಇನ್ನೆಂದೂ ಇವಳ ಹಿಂದೆ ಕೂರದಿದ್ದಾರು. ಅದೂ ನ್ಯಾಯವೇ.

“ನಿಮ್ಮ ಎಣಿಕೆ ಕೇಳ್ತಾ ಇದ್ದೆ ಅಂಕಲ್. ಅಷ್ಟೇ.”

“ಅಷ್ಟೇನಾ?”

“ಅಷ್ಟೇ.”

ಕಾವೇರಪ್ಪ ಕಾಫಿ ಕುಡಿದರು. “ಮಂಗಳವಾರ ಐದೂವರೆಗೆ ರೆಡಿ ಇರ್ತೀನಿ,” ಎಂದರು.

ಪ್ರೇರಣಾ ಹಾಳೆಯ ಮೇಲೆ ‘ಮಂಜು ಹೆಚ್ಚಿತ್ತು’ ಎಂದು ಬರೆದು ಸಹಿ ಹಾಕಿದಳು. ಎರಡೇ ಮಾತು, ಎರಡೂ ನಿಜ. ಮಂಗಳವಾರ ಈ ಮನುಷ್ಯ ತನ್ನ ಹಿಂದೆ ಕೂತಾಗ ಒಂದೊಂದು ಹಂಪನ್ನೂ ನೋಡಿಕೊಂಡೇ ಓಡಿಸಬೇಕು, ಇನ್ನೆಂದೂ ಹಾಗೆ ಮಾಡಬಾರದು ಎಂದುಕೊಂಡಳು. ಮತ್ತು ಆದದ್ದನ್ನು ಹೇಳಬಾರದು. ವಿಕ್ರಮ್‌ಗೂ, ಚಿಣ್ಣಮ್ಮನವರಿಗೂ, ರಾತ್ರಿ ಫೋನ್ ಮಾಡುವ ಅಮ್ಮನಿಗೂ. ಕಾವೇರಪ್ಪ ಇನ್ನೊಮ್ಮೆ ಕೇಳಿದರೂ, ಅವರಿಗೂ ಇಲ್ಲ.